ಹೊಸ ಪ್ಲೇಸ್ಟೇಷನ್‌ಗೆ ಹಳೆಯ ಕಂಟ್ರೋಲರ್ ಸಲ್ಲುವುದೇ?

ಸೋನಿ ಕಂಪೆನಿಯ ಪ್ಲೇಸ್ಟೇಷನ್ 5 ಭಾರತದ ಮಾರುಕಟ್ಟೆಗೆ ಬಂದದ್ದು 2021ರ ಫೆಬ್ರುವರಿ 2ರಂದು. ಪ್ಲೇಸ್ಟೇಷನ್ 4ರ ಡ್ಯುಯಲ್‌ಶಾಕ್ 4 ಕಂಟ್ರೋಲರ್ ಮನೆಯಲ್ಲಿರುವಾಗ ಎರಡನೆಯ ಆಟಗಾರನಿಗೆಂದು ಹೊಸತೊಂದನ್ನು ಕೊಳ್ಳಬೇಕೇ ಎಂಬುದು ಖರೀದಿದಾರರ ಸಹಜ ಪ್ರಶ್ನೆ. ಉತ್ತರ ಆಡುವ ಗೇಮ್ ಅನ್ನು ಅವಲಂಬಿಸಿದೆ.

ಪ್ಲೇಸ್ಟೇಷನ್ 4ಕ್ಕಾಗಿ ರೂಪಿಸಿದ ಗೇಮ್‌ಗಳು ಹೊಸ ಯಂತ್ರದಲ್ಲಿ ಓಡುವಾಗ ಹಳೆಯ ಕಂಟ್ರೋಲರ್ ಎಂದಿನಂತೆ ಸ್ಪಂದಿಸುತ್ತದೆ. ಪ್ಲೇಸ್ಟೇಷನ್ 5ರ ಗೇಮ್‌ಗಳಿಗೆ ಅದು ಸಲ್ಲದು. ಹೊಸ ಡ್ಯುಯಲ್‌ಸೆನ್ಸ್ ಕಂಟ್ರೋಲರ್‌ನಲ್ಲಿ ಬೆರಳಿಗೆ ಪ್ರತಿರೋಧ ಒಡ್ಡುವ ಟ್ರಿಗರ್, ಸೂಕ್ಷ್ಮ ಕಂಪನ ಮುಂತಾದ ಸೌಲಭ್ಯಗಳಿದ್ದು, ಹೊಸ ಗೇಮ್‌ಗಳು ಅವುಗಳ ಪ್ರಯೋಜನ ಪಡೆಯಬೇಕೆಂಬುದು 2020ರಲ್ಲಿ ಸೋನಿ ನೀಡಿದ ಕಾರಣ. ಇದನ್ನು ತಾಂತ್ರಿಕ ಅಡ್ಡಿ ಎನ್ನುವುದಕ್ಕಿಂತ ಕಂಪೆನಿಯ ನೀತಿ ಎನ್ನುವುದೇ ಸರಿ. ಅದೇ ವರ್ಷ ಬಿಡುಗಡೆಯಾದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್‌ಗಳಲ್ಲಿ ಎಕ್ಸ್‌ಬಾಕ್ಸ್ ಒನ್‌ನ ಕಂಟ್ರೋಲರ್ ಹೊಸ ಗೇಮ್‌ಗಳಿಗೂ ನಡೆಯುತ್ತದೆ. ಸೋನಿಯ ಪರವಾನಗಿ ಪಡೆದ ಹಳೆಯ ಸ್ಟೀರಿಂಗ್ ವೀಲ್‌ಗಳು ಕೂಡ, ಅವುಗಳನ್ನು ಬೆಂಬಲಿಸುವ ಪ್ಲೇಸ್ಟೇಷನ್ 5 ಗೇಮ್‌ಗಳಲ್ಲಿ ಕೆಲಸ ಮಾಡುತ್ತವೆ!

ಜೋಡಣೆ ಸುಲಭ. ಕೇಬಲ್‌ನಿಂದ ಸಂಪರ್ಕಿಸಿ ನಡುವಿನ ಪಿಎಸ್ ಗುಂಡಿ ಒತ್ತಿದರೆ ಸಾಕು. ಆದರೆ ಡ್ಯುಯಲ್‌ಸೆನ್ಸ್‌ನ ಟೈಪ್-ಸಿ ಕೇಬಲ್ ಇದಕ್ಕೆ ಹೊಂದದು, ಹಳೆಯ ಮೈಕ್ರೊ ಯುಎಸ್‌ಬಿ ಕೇಬಲ್ಲೇ ಬೇಕು. ಹೀಗೆ ಜೋಡಿಸಿದ ಮೇಲೆ ಕಂಟ್ರೋಲರ್‌ಗೆ ಪ್ಲೇಸ್ಟೇಷನ್ 4ರ ನಂಟು ತಪ್ಪುತ್ತದೆ. ಅಲ್ಲಿ ಆಡಲು ಮತ್ತೆ ಕೇಬಲ್ ಹಾಕಿಯೇ ಜೋಡಿಸಬೇಕು.

ಕೆಲವು ಗೇಮ್‌ಗಳು ಎರಡೂ ಆವೃತ್ತಿಗಳಲ್ಲಿ ದೊರೆಯುತ್ತವೆ. ಅಂಥವುಗಳಲ್ಲಿ ಪ್ಲೇಸ್ಟೇಷನ್ 4ರ ಆವೃತ್ತಿಯನ್ನು ಆರಿಸಿಕೊಂಡರೆ ಎರಡನೆಯ ಆಟಗಾರನ ಕೈಗೆ ಹಳೆಯದನ್ನೇ ಕೊಡಬಹುದು.