ಶವ ಸುಟ್ಟವರು ಯಾರು? ‘ಸಂಸ್ಕಾರ’ ಕಾದಂಬರಿಯ ಬದಲಾದ ಓದುಗಳು

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಪ್ರಕಟವಾದಾಗ ನವ್ಯ ಸಾಹಿತ್ಯದ ಓದುಗರಿಗೆ ಮುಖ್ಯವಾಗಿ ಕಂಡದ್ದು ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಒಳತೋಟಿ. ಬ್ರಾಹ್ಮಣ್ಯದ ಆಚಾರಗಳನ್ನು ಮುರಿದು ಬಾಳಿದ ನಾರಣಪ್ಪನ ಹೆಣ, ಸಂಸ್ಕಾರ ಯಾರು ಮಾಡಬೇಕೆಂಬುದು ತೀರ್ಮಾನವಾಗದೆ ಕೊಳೆಯುತ್ತಿದ್ದರೂ ವಿಮರ್ಶೆಯ ಕಣ್ಣು ಆಚಾರ್ಯರ ಆಯ್ಕೆ, ಹೊಣೆ, ಆತಂಕಗಳ ಮೇಲೆಯೇ ನಿಂತಿತ್ತು. 1970ರಲ್ಲಿ ಕಾದಂಬರಿಯನ್ನು ಆಧರಿಸಿದ ಪಟ್ಟಾಭಿರಾಮ ರೆಡ್ಡಿಯವರ ಚಲನಚಿತ್ರವನ್ನು ಸೆನ್ಸಾರ್ ಮಂಡಳಿ ತಡೆಹಿಡಿದಾಗ ಚರ್ಚೆ ಬೀದಿಗೆ ಬಂತು. ಅಲ್ಲಿಯೂ ಅದು ಮಾಧ್ವ ಬ್ರಾಹ್ಮಣರ ಮಾನಾಪಮಾನದ ಸುತ್ತಲೇ ಸುತ್ತಿತು. 1976ರಲ್ಲಿ ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಹೊರಬಂದ ಮೇಲೆ ಲೇಖಕ ವಿ. ಎಸ್. ನೈಪಾಲ್ ಇದೇ ಕೃತಿಯನ್ನು ಗಾಂಧೀಜಿಯ ಆತ್ಮಕಥೆಯ ಜೊತೆಗಿಟ್ಟು, ಹಿಂದೂ ಮನಸ್ಸಿನ ಕೊರತೆಗೆ ಸಾಕ್ಷಿಯೆಂಬಂತೆ ಓದಿದರು. ಆ ಕೊರತೆಯನ್ನು ಕೃತಿಯೇ ವಿಚಾರಣೆಗೆ ಒಡ್ಡಿದೆ ಎಂಬುದಕ್ಕೆ ಅವರು ಸಲ್ಲಬೇಕಾದಷ್ಟು ಬೆಲೆ ಕೊಡಲಿಲ್ಲ.

ಕನ್ನಡ ಸಾಹಿತ್ಯವನ್ನು ‘ಬೂಸಾ’ ಎಂದ ಮಾತಿನಿಂದ ಎದ್ದ 1973ರ ಬೂಸಾ ಪ್ರಕರಣ, ದಲಿತ ಚಳವಳಿ, 1979ರ ಬಂಡಾಯ ಸಾಹಿತ್ಯ ಸಂಘಟನೆ, ಆಮೇಲಿನ ಸ್ತ್ರೀವಾದಿ ವಿಮರ್ಶೆ: ಇವುಗಳ ನಡುವೆ ಬೆಳೆದ ಓದುಗರು ಅದೇ ಪುಟಗಳಲ್ಲಿ ನಾರಣಪ್ಪನ ಜೊತೆ ಬಾಳಿದ ಚಂದ್ರಿಯನ್ನೂ ಹೊಲೆಯರ ಕೇರಿಯ ಬೆಳ್ಳಿಯನ್ನೂ ಹುಡುಕತೊಡಗಿದರು. ಓದುಗರ ‘ನಿರೀಕ್ಷಾ ದಿಗಂತ’ ಕಾಲಕಾಲಕ್ಕೆ ಬದಲಾಗುತ್ತದೆ ಎಂಬ ಜರ್ಮನ್ ವಿದ್ವಾಂಸ ಹಾನ್ಸ್ ರಾಬರ್ಟ್ ಯೌಸ್ ಅವರ ವಾದ ಇಲ್ಲಿ ಒಪ್ಪುತ್ತದೆ. ಆದರೆ ಅಷ್ಟಕ್ಕೇ ನಿಂತರೆ ಹೊಸ ಓದುಗಳು ಹೊರಗಿನಿಂದ ಹೇರಿದವು ಎಂಬ ಅಭಿಪ್ರಾಯಕ್ಕೆ ಎಡೆಯಾಗುತ್ತದೆ. ಕಾದಂಬರಿಯ ರಚನೆಯೇ ಅದನ್ನು ಅಲ್ಲಗಳೆಯುತ್ತದೆ.

ಚಂದ್ರಿ ನಾರಣಪ್ಪನ ಹೆಣ ಸುಡಿಸಿದ ರಾತ್ರಿಯನ್ನೇ ನೋಡೋಣ. ಅಗ್ರಹಾರದವರು ಹಸಿದ ಹೊಟ್ಟೆಯಲ್ಲಿ ಧರ್ಮಶಾಸ್ತ್ರದ ಉತ್ತರಕ್ಕಾಗಿ ಕಾದಿದ್ದಾರೆ. ಸಂಸ್ಕಾರದ ಖರ್ಚಿಗೆಂದು ಅವಳು ಬಿಚ್ಚಿಟ್ಟ ಒಡವೆಗಳ ಮೇಲೆ ಕೆಲವರ ಆಸೆಗಣ್ಣೂ ಬಿದ್ದಿದೆ. ಅವಳು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ಬಳಿಗೆ ಹೋಗುತ್ತಾಳೆ. ಎತ್ತು ಕೊಳ್ಳಲು ನಾರಣಪ್ಪ ಹಿಂದೊಮ್ಮೆ ಸಾಲ ಕೊಟ್ಟಿದ್ದ ಋಣ ಅವನಿಗೆ ನೆನಪಿದೆ. ಹೆಣ ಗಾಡಿಯೇರುತ್ತದೆ, ಕತ್ತಲಲ್ಲೇ ಸುಟ್ಟೂ ಆಗುತ್ತದೆ. ಚಂದ್ರಿ ಊರು ಬಿಡುತ್ತಾಳೆ. ಮಂತ್ರವಿಲ್ಲ, ಪುರೋಹಿತರಿಲ್ಲ. ಈ ಸಂಗತಿ ಓದುಗನಿಗೆ ಗೊತ್ತು, ಆಚಾರ್ಯರಿಗೆ ಗೊತ್ತಿಲ್ಲ. ಅಂದರೆ ಕಾದಂಬರಿಯ ಉತ್ತರಾರ್ಧದುದ್ದಕ್ಕೂ ಆಚಾರ್ಯರು ಹೊತ್ತು ತಿರುಗುವ ಭಾರದಲ್ಲಿ ಒಂದು ಪಾಲು ಆಗಲೇ ಇಳಿದುಹೋಗಿದೆ. ಇಳಿಸಿದವರು ಒಬ್ಬ ಸೂಳೆ ಮತ್ತು ಒಬ್ಬ ಮುಸಲ್ಮಾನ. ಆಚಾರ್ಯರ ತಳಮಳವನ್ನು ಲೇಖಕರು ಗೌರವದಿಂದಲೇ ಚಿತ್ರಿಸಿದ್ದಾರೆ; ಅದರ ಮಿತಿಯನ್ನೂ ಕಥನಕ್ರಮದಲ್ಲೇ ಕಾಣಿಸಿದ್ದಾರೆ. ಮೊದಲ ತಲೆಮಾರಿನ ವಿಮರ್ಶೆ ಈ ಎರಡನೆಯದಕ್ಕೆ ಸಾಕಷ್ಟು ಗಮನ ಕೊಡಲಿಲ್ಲವೆಂಬುದು ನನ್ನ ತೀರ್ಮಾನ.

ಹೊಲೆಯರ ಕೇರಿಯಲ್ಲೂ ಜ್ವರಕ್ಕೆ ಸಾವುಗಳಾಗುತ್ತವೆ. ಅಲ್ಲಿ ಸತ್ತವರನ್ನು ಗುಡಿಸಲಿನ ಸಮೇತ ಸುಟ್ಟುಬಿಡುತ್ತಾರೆ. ಒಂದು ಹೆಣಕ್ಕೆ ಇಡೀ ಕಾದಂಬರಿ ಮೀಸಲು, ಈ ಹೆಣಗಳಿಗೆ ಕೆಲವೇ ಸಾಲು. ಬ್ರಾಹ್ಮಣರ ಕುರುಡನ್ನು ತೋರಿಸಲೆಂದೇ ಹೀಗೆ ಮಾಡಲಾಗಿದೆ ಎಂದು ಸಮರ್ಥಿಸಬಹುದು, ಆ ಸಮರ್ಥನೆಯಲ್ಲಿ ಹುರುಳೂ ಇದೆ. ಆದರೆ ಬೆಳ್ಳಿಯ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ಅವಳ ಮೈಮಾಟವನ್ನು ಬಣ್ಣಿಸುವಷ್ಟು ಆಸ್ಥೆಯಿಂದ ನಿರೂಪಕ ಹೆತ್ತವರನ್ನು ಕಳೆದುಕೊಂಡ ಅವಳ ದುಃಖದ ಬಳಿ ನಿಲ್ಲುವುದಿಲ್ಲ. ಆಚಾರ್ಯರಿಗೆ ದಕ್ಕಿದ ಅಂತರಂಗ ಅವಳಿಗೆ ದಕ್ಕಿಲ್ಲ. ಈ ಆಕ್ಷೇಪವನ್ನು ಕಾಲದ ಒತ್ತಡವೆಂದು ತಳ್ಳಿಹಾಕಲಾಗದು. ಅದಕ್ಕೆ ಆಧಾರ ಪಠ್ಯದಲ್ಲೇ ಇದೆ.