ಮಾರಾಟದ ಮನೆಯ ಸಿಂಗಾರ: ಹೊಸಪೇಟೆ ಸೀಮೆ

ಮಾರಲಿರುವ ಮನೆಯನ್ನು ಶುಚಿಗೊಳಿಸಿ, ಬಣ್ಣ ಬಳಿದು, ಪೀಠೋಪಕರಣಗಳನ್ನು ಹದವಾಗಿ ಜೋಡಿಸಿ ಕೊಳ್ಳುವವರಿಗೆ ತೋರಿಸುವ ಪದ್ಧತಿಯೇ ಹೋಮ್ ಸ್ಟೇಜಿಂಗ್. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಾರ್ಬ್ ಶ್ವಾರ್ಜ್ 1972ರಲ್ಲಿ ಇದನ್ನು ಒಂದು ವೃತ್ತಿಯಾಗಿ ಆರಂಭಿಸಿದರು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಮಟ್ಟಿಗೆ ಇದು ಸುಣ್ಣಬಣ್ಣ ಮಾಡಿಸಿ ಮನೆ ತೋರಿಸುವ ಕೆಲಸ.

ಹೊಸಪೇಟೆಯ ಮೂಲ ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಹೊಸ ಪಟ್ಟಣದ ಮನೆಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ. ಒಂದೇ ಅಂತಸ್ತು, ಮಟ್ಟಸವಾದ ಮಾಳಿಗೆ, ಕಂಬಗಳು, ಒಳಗೂ ಹೊರಗೂ ಪಡಸಾಲೆ, ಸುತ್ತ ತೋಟ. ಬಳ್ಳಾರಿ ಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಈ ಲಕ್ಷಣಗಳಲ್ಲಿ ಕೆಲವು ಬಹುಕಾಲ ಉಳಿದವು. ಹಬ್ಬ ಬಂದಾಗ ಗೋಡೆಗೆ ಸುಣ್ಣ, ನೆಲಕ್ಕೆ ಸಾರಣೆ, ಹೊಸ್ತಿಲಿಗೆ ರಂಗೋಲಿ ಆಗುತ್ತಿದ್ದುದು ವಾಸಕ್ಕಾಗಿಯೇ ಹೊರತು ಮಾರಾಟಕ್ಕಲ್ಲ. ದಾಯಾದಿಯೋ ನೆರೆಯವನೋ ಕೊಳ್ಳುವಾಗ ಮನೆಯ ಗುಣದೋಷ ಅವನಿಗೆ ಮೊದಲೇ ಗೊತ್ತಿರುತ್ತಿತ್ತು, ಹಾಗಾಗಿ ಸಿಂಗರಿಸಿ ತೋರಿಸುವ ಅಗತ್ಯವೇ ಇರಲಿಲ್ಲ.

ಅಪರಿಚಿತ ಕೊಳ್ಳುಗರು ಬಂದ ಮೇಲೆ ಈ ಸ್ಥಿತಿ ಬದಲಾಯಿತು. 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ನೌಕರರನ್ನು, ಗುತ್ತಿಗೆದಾರರನ್ನು ಊರಿಗೆ ಕರೆತಂದಿತು. ಸಂಡೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಗಣಿ ಕಂಪನಿ, 1990ರ ದಶಕದಲ್ಲಿ ತೋರಣಗಲ್ಲಿಗೆ ಬಂದ ಉಕ್ಕಿನ ಕಾರ್ಖಾನೆ ಬಾಡಿಗೆ ಮನೆಗಳಿಗೆ ಬೇಡಿಕೆ ಹುಟ್ಟಿಸಿದವು. 2003ರ ನಂತರ ಚೀನಾಕ್ಕೆ ಅದಿರು ಹೆಚ್ಚಾಗಿ ರಫ್ತಾಗತೊಡಗಿದಾಗ ಗಣಿ ಹಣ ಹೊಸಪೇಟೆಯ ಲೇಔಟ್‌ಗಳಿಗೂ ಹರಿಯಿತು. ಸೈಟು, ಮನೆ ಕೊಂಡು ಬೆಲೆ ಏರಿದಾಗ ಮಾರುವ ಹೂಡಿಕೆ ಬೆಳೆಯಿತು. ಬೆಲೆ ಏರುತ್ತಲೇ ಇರುವಾಗ ಮನೆ ಹೇಗಿದ್ದರೂ ಕೊಳ್ಳುವವರು ಸಿಗುತ್ತಾರೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಆ ಅನುಕೂಲ ಹೋಯಿತು. ಖಾಲಿ ಮನೆ ಎಷ್ಟು ದಿನ ಕೈಯಲ್ಲಿ ಉಳಿಯುತ್ತದೆ ಎಂಬುದು ಹೂಡಿಕೆದಾರನಿಗೆ ಮುಖ್ಯವಾಯಿತು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಗಿ, ವರ್ಗವಾಗಿ ಬರುವ ಅಧಿಕಾರಿಗಳ ಸಂಖ್ಯೆಯೂ ಹೆಚ್ಚಿತು.

ಸಿಂಗಾರದ ಬೆಲೆಯನ್ನು ಮನೆ ಮಾರಾಟವಾಗದೆ ಕೈಯಲ್ಲಿ ಉಳಿಯುವ ದಿನಗಳ ಲೆಕ್ಕದಲ್ಲೇ ಅಳೆಯಬೇಕು. 50 ಲಕ್ಷ ರೂಪಾಯಿ ಸಾಲಕ್ಕೆ ಶೇ 9ರ ದರದಲ್ಲಿ ತಿಂಗಳ ಬಡ್ಡಿಯೇ 37,500 ರೂಪಾಯಿ. 60,000 ರೂಪಾಯಿ ಖರ್ಚಿನ ದುರಸ್ತಿ, ಬಣ್ಣದಿಂದ ಮನೆ ಎರಡು ತಿಂಗಳು ಮೊದಲೇ ಮಾರಾಟವಾದರೆ ಬಡ್ಡಿಯಲ್ಲೇ 75,000 ಉಳಿಯುತ್ತದೆ. ಮಾರಾಟದ ಬೆಲೆ ಏರುತ್ತದೆಂಬ ಭರವಸೆ ಅಷ್ಟು ಗಟ್ಟಿಯಲ್ಲ. ಮಾರ್ಕ್ ಲೇನ್, ಮೈಕೆಲ್ ಸೈಲರ್, ವಿಕಿ ಸೈಲರ್ 2015ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಗೋಡೆಯ ಬಣ್ಣ ಮತ್ತು ಪೀಠೋಪಕರಣಗಳು ಮನೆ ವಾಸಕ್ಕೆ ಹಿತವೆಂಬ ಭಾವನೆಯನ್ನು ಬದಲಿಸಿದರೂ ಕೊಳ್ಳುವವರು ಕೊಡಲು ಒಪ್ಪುವ ಬೆಲೆಯನ್ನು ಗಮನಾರ್ಹವಾಗಿ ಬದಲಿಸಲಿಲ್ಲ. ಇಲ್ಲಿನ ಬ್ಯಾಂಕಿನ ಮೌಲ್ಯಮಾಪಕರೂ ಸಾಲಕ್ಕಾಗಿ ನೋಡುವುದು ಜಾಗ, ಕಟ್ಟಡ, ಕಾಗದಪತ್ರಗಳನ್ನೇ ಹೊರತು ಸೋಫಾವನ್ನಲ್ಲ. ಆದ್ದರಿಂದ ದುಬಾರಿ ಪೀಠೋಪಕರಣ ಬಾಡಿಗೆಗೆ ತರುವುದಕ್ಕಿಂತ ತುಂಬಿದ ಸಂಪು, ಸೋರದ ನಲ್ಲಿ, ಬೆಳಕು ಬರುವ ಕಿಟಕಿ, ಸರಿಯಾದ ಇ-ಖಾತಾ ಹೆಚ್ಚು ಪ್ರಯೋಜನಕಾರಿ.

ಮನೆಯನ್ನು ಸಿದ್ಧಪಡಿಸುವ ರೀತಿ ಊರಿಂದೂರಿಗೆ ಬೇರೆ. ಸಂಡೂರಿನಲ್ಲಿ, ಅದಿರಿನ ಲಾರಿ ಓಡುವ ದಾರಿಗಳಲ್ಲಿ, ಕೆಂಧೂಳು ಮುಖ್ಯ ಸಮಸ್ಯೆ. ತೊಳೆಯಬಹುದಾದ ಬಣ್ಣ, ಕಿಟಕಿಗೆ ಜಾಲರಿ ಅಲ್ಲಿ ಅಲಂಕಾರಕ್ಕಿಂತ ಅಗತ್ಯ. 2010ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಸಂಡೂರು ಲಂಬಾಣಿ ಕಸೂತಿಯ ದಿಂಬುಗವಸು, ಗೋಡೆಬಟ್ಟೆಗಳು ಖಾಲಿ ಕೋಣೆಗೆ ಅಗ್ಗದಲ್ಲಿ ಜೀವ ತುಂಬಬಲ್ಲವು, ಕಸೂತಿ ಹಾಕುವ ಹೆಣ್ಣುಮಕ್ಕಳಿಗೂ ಅದರಿಂದ ದುಡಿಮೆ. ಕಂಪ್ಲಿಯ ಗದ್ದೆ ಸೀಮೆಯ ಕಪ್ಪು ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವುದರಿಂದ ಗೋಡೆ ಬಿರುಕು ಬಿಡುತ್ತದೆ. ನದಿ ತುಂಬಿದಾಗ ತಗ್ಗಿನ ಬೀದಿಗಳಿಗೆ ನೀರೂ ನುಗ್ಗುತ್ತದೆ. ಇಂಥ ಬಿರುಕಿನ ಮೇಲೆ ಪುಟ್ಟಿ ತುಂಬಿ ಬಣ್ಣ ಹೊಡೆಯುವುದು ಸಿಂಗಾರವಲ್ಲ, ಮೋಸ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಾಣಲಾಗದ, ಮಾರುವವನಿಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವನೇ ತಿಳಿಸಬೇಕು.

ಹಂಪಿಯ ವಿಷಯ ಬೇರೆಯೇ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಪ್ರದೇಶಕ್ಕೆ 2002ರ ಕಾಯ್ದೆಯಿಂದ ಪ್ರತ್ಯೇಕ ನಿರ್ವಹಣಾ ಪ್ರಾಧಿಕಾರ ಬಂದಿತು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣಕ್ಕೆ ನಿಷೇಧ, ಅದರಾಚೆಯ 200 ಮೀಟರ್ ವ್ಯಾಪ್ತಿಯಲ್ಲಿ ಅನುಮತಿ ಕಡ್ಡಾಯ. ಹಂಪಿ ಬಜಾರಿನ ಮನೆ-ಅಂಗಡಿಗಳು 2011ರಲ್ಲಿ ತೆರವಾದವು. ಎದುರು ದಡದ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು 2020ರಲ್ಲಿ ನೆಲಸಮವಾದವು. ಹೀಗಾಗಿ ಹಂಪಿ ಸುತ್ತಿನ ಆಸ್ತಿ ಮಾರಾಟದಲ್ಲಿ ಮೊದಲು ಒದಗಿಸಬೇಕಾದುದು ಪ್ರಾಧಿಕಾರದ ಅನುಮತಿ ಪತ್ರ. ಹಾಸು-ಪರದೆಗಳ ಮಾತು ಅದರ ನಂತರದ್ದು.