ಗೈನೆಕೊಮಾಸ್ಟಿಯ ಶಸ್ತ್ರಚಿಕಿತ್ಸೆಯ ನಂತರದ ಚೇತರಿಕೆ

ಗೈನೆಕೊಮಾಸ್ಟಿಯ ಶಸ್ತ್ರಚಿಕಿತ್ಸೆಯ ನಂತರದ ಚೇತರಿಕೆ ಎಂದರೆ ಪುರುಷರ ಎದೆಯಲ್ಲಿ ಅಧಿಕವಾಗಿ ಬೆಳೆದ ಸ್ತನಗ್ರಂಥಿಯನ್ನೂ ಕೊಬ್ಬನ್ನೂ ತೆಗೆದುಹಾಕಿದ ಬಳಿಕ ಗಾಯ ಮಾಗಿ, ಊತ ಇಳಿದು, ಎದೆಯು ಸ್ಥಿರವಾದ ಆಕಾರವನ್ನು ಪಡೆಯುವವರೆಗಿನ ಅವಧಿ. ಹೊರಗಿನ ಗಾಯ ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಒಳಗಿನ ಊತ ಪೂರ್ತಿಯಾಗಿ ಇಳಿಯಲು 3ರಿಂದ 6 ತಿಂಗಳು ಬೇಕಾಗುತ್ತದೆ. ಕಲೆ ಮಾಗಿ ಮಸುಕಾಗಲು ಒಂದು ವರ್ಷ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಈ ಮೂರು ಗಡುವುಗಳು ಬೇರೆಬೇರೆ ಎಂಬುದು ತಿಳಿಯದಿದ್ದಾಗ ಸಹಜವಾದ ಊತವನ್ನೇ ಚಿಕಿತ್ಸೆಯ ವೈಫಲ್ಯವೆಂದು ಭಾವಿಸುವುದೂ, ನಿಜವಾದ ತೊಡಕನ್ನು ಸಹಜವೆಂದು ಕಡೆಗಣಿಸುವುದೂ ಉಂಟು. ಆದುದರಿಂದ ಸಹಜವಾದ ನಿಧಾನವನ್ನೂ ಅಪಾಯದ ಸೂಚನೆಯನ್ನೂ ಬೇರ್ಪಡಿಸಿ ಗುರುತಿಸುವುದು ಚೇತರಿಕೆಯ ಮುಖ್ಯ ಅಂಗವಾಗಿದೆ.

ಹೆಸರು ಮತ್ತು ಹಿನ್ನೆಲೆ

'ಗೈನೆಕೊಮಾಸ್ಟಿಯ' ಎಂಬುದು ಗ್ರೀಕ್ ಮೂಲದ ಪದ. 'ಗೈನೆ' ಎಂದರೆ ಹೆಂಗಸು, 'ಮಾಸ್ಟೊಸ್' ಎಂದರೆ ಸ್ತನ. ಪುರುಷರ ದೇಹದಲ್ಲಿ ಈಸ್ಟ್ರೊಜೆನ್ ಮತ್ತು ಟೆಸ್ಟೊಸ್ಟೆರಾನ್ ಹಾರ್ಮೋನುಗಳ ಸಮತೋಲನ ತಪ್ಪಿದಾಗ ಸ್ತನಗ್ರಂಥಿ ಬೆಳೆಯುತ್ತದೆ. ಹದಿಹರೆಯದಲ್ಲಿ ಇದು ಸಾಮಾನ್ಯ, ಬಹುಪಾಲು ಹುಡುಗರಲ್ಲಿ ಎರಡು ವರ್ಷಗಳೊಳಗೆ ತಾನಾಗಿಯೇ ಇಳಿಯುತ್ತದೆ. ಕೆಲವು ಔಷಧಿಗಳು, ಯಕೃತ್ತಿನ ಕಾಯಿಲೆಗಳು ಹಾಗೂ ಮೈಕಟ್ಟಿಗಾಗಿ ಸೇವಿಸುವ ಅನಬಾಲಿಕ್ ಸ್ಟೆರಾಯ್ಡುಗಳೂ ಇದಕ್ಕೆ ಕಾರಣವಾಗಬಹುದು. ಗ್ರಂಥಿ ಬೆಳೆಯದೆ ಕೇವಲ ಕೊಬ್ಬು ಶೇಖರವಾದ ಸ್ಥಿತಿಯನ್ನು ಹುಸಿ ಗೈನೆಕೊಮಾಸ್ಟಿಯ ಎನ್ನುತ್ತಾರೆ.

ಈ ಸ್ಥಿತಿಗೆ ಶಸ್ತ್ರಚಿಕಿತ್ಸೆಯನ್ನು ವಿವರಿಸಿದವರಲ್ಲಿ ಏಳನೆಯ ಶತಮಾನದ ಬೈಜಾಂಟಿಯನ್ ವೈದ್ಯ ಏಜಿನಾದ ಪೌಲ್ ಮೊದಲಿಗನೆಂದು ಪರಿಗಣಿಸಲಾಗಿದೆ. ಸ್ತನತೊಟ್ಟಿನ ಸುತ್ತಲ ಕಪ್ಪು ವರ್ತುಲದ ಅಂಚಿನಲ್ಲಿ ಅರ್ಧಚಂದ್ರಾಕಾರವಾಗಿ ಕೊಯ್ದು ಗ್ರಂಥಿಯನ್ನು ತೆಗೆಯುವ ಕ್ರಮವನ್ನು ಅಮೆರಿಕದ ಜೆರೋಮ್ ವೆಬ್‌ಸ್ಟರ್ 1946ರಲ್ಲಿ ಪ್ರಕಟಿಸಿದರು. ಕಲೆಯು ವರ್ತುಲದ ಅಂಚಿನಲ್ಲಿಯೇ ಮರೆಯಾಗುವುದರಿಂದ ಈ ಕ್ರಮ ಇಂದಿಗೂ ಬಳಕೆಯಲ್ಲಿದೆ. 1973ರಲ್ಲಿ ಸೈಮನ್ ಮತ್ತು ಸಂಗಡಿಗರು ಸ್ತನದ ಗಾತ್ರ ಹಾಗೂ ಹೆಚ್ಚುವರಿ ಚರ್ಮದ ಪ್ರಮಾಣವನ್ನು ಆಧರಿಸಿ ರೂಪಿಸಿದ ವರ್ಗೀಕರಣವನ್ನು ವೈದ್ಯರು ಈಗಲೂ ಅನುಸರಿಸುತ್ತಾರೆ. ಚೇತರಿಕೆಯ ದೃಷ್ಟಿಯಿಂದಲೂ ಇದು ಉಪಯುಕ್ತ. ಚರ್ಮವನ್ನು ಕತ್ತರಿಸಿ ತೆಗೆಯಬೇಕಾದ ಮೂರನೆಯ ದರ್ಜೆಯ ಶಸ್ತ್ರಚಿಕಿತ್ಸೆಯಲ್ಲಿ ಗಾಯವೂ ದೊಡ್ಡದು, ಮಾಗುವ ಕಾಲವೂ ದೀರ್ಘ.

ಊತಕ್ಕೆ ಕಾರಣ

ಕೊಬ್ಬನ್ನು ಲೈಪೊಸಕ್ಷನ್ ಕೊಳವೆಯಿಂದ ಹೀರಿ ತೆಗೆದು, ಗಟ್ಟಿಯಾದ ಗ್ರಂಥಿಯನ್ನು ಸಣ್ಣ ಕೊಯ್ತದ ಮೂಲಕ ಹೊರತೆಗೆಯುವುದು ಇಂದು ಹೆಚ್ಚು ರೂಢಿಯಲ್ಲಿರುವ ವಿಧಾನ. ಹೊರಗೆ ಕಾಣುವ ಗಾಯ ಕೆಲವೇ ಸೆಂಟಿಮೀಟರುಗಳಷ್ಟಿದ್ದರೂ ಚರ್ಮದಡಿಯಲ್ಲಿ ಎದೆಯ ಬಹುಭಾಗವು ಗಾಯಗೊಂಡಿರುತ್ತದೆ. ಹೊರಗಾಯದ ಗಾತ್ರವನ್ನು ನೋಡಿ ಚೇತರಿಕೆಯ ಅವಧಿಯನ್ನು ಅಂದಾಜು ಮಾಡಲಾಗದಿರುವುದು ಇದರಿಂದಲೇ.

ಗಾಯಗೊಂಡ ಭಾಗಕ್ಕೆ ರಕ್ತದ ಹರಿವು ಹೆಚ್ಚಿ, ಸೂಕ್ಷ್ಮ ರಕ್ತನಾಳಗಳಿಂದ ದ್ರವವು ಅಂಗಾಂಶಗಳೊಳಕ್ಕೆ ಒಸರುತ್ತದೆ. ಹೀಗೆ ಒಸರಿದ ದ್ರವವನ್ನು ಮರಳಿ ಒಯ್ಯಬೇಕಾದ ದುಗ್ಧರಸ ನಾಳಗಳಲ್ಲಿ ಹಲವು ಶಸ್ತ್ರಚಿಕಿತ್ಸೆಯಲ್ಲಿ ತುಂಡಾಗಿರುತ್ತವೆ. ಅವು ಮತ್ತೆ ಕೂಡಿಕೊಳ್ಳಲು ವಾರಗಳು, ತಿಂಗಳುಗಳು ಬೇಕು. ಬರುವ ನೀರು ಹೆಚ್ಚಾಗಿ, ಹರಿದುಹೋಗುವ ಕಾಲುವೆ ಕಟ್ಟಿದ ಗದ್ದೆಯಂತೆ ಎದೆಯಲ್ಲಿ ದ್ರವ ನಿಲ್ಲುತ್ತದೆ. ಲೈಪೊಸಕ್ಷನ್‌ಗೆ ಮೊದಲು ಚರ್ಮದಡಿಗೆ ತುಂಬಿದ ಲವಣಯುಕ್ತ ದ್ರವದ ಒಂದಂಶವೂ ಆರಂಭದ ದಿನಗಳ ಊತಕ್ಕೆ ಸೇರುತ್ತದೆ. ಭೂಗುರುತ್ವದಿಂದಾಗಿ ಊತವೂ ನೀಲಿಗಟ್ಟಿದ ಬಣ್ಣವೂ ಎದೆಯಿಂದ ಹೊಟ್ಟೆಯ ಕಡೆಗೆ ಮತ್ತು ಪಕ್ಕೆಗಳಿಗೆ ಜಾರುವುದು ಸಹಜ.

ಗಾಯ ಮಾಗುವ ಹಂತಗಳು

ಗಾಯ ಮಾಗುವಿಕೆ ನಾಲ್ಕು ಹಂತಗಳಲ್ಲಿ ನಡೆಯುತ್ತದೆ. ಇವು ಒಂದರ ಮೇಲೊಂದು ಹಾಯ್ದುಕೊಂಡು ಸಾಗುತ್ತವೆ.

ರಕ್ತಸ್ತಂಭನ: ಮೊದಲ ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟಿ ಸ್ರಾವ ನಿಲ್ಲುತ್ತದೆ.

ಉರಿಯೂತ: ಬಿಳಿ ರಕ್ತಕಣಗಳು ಗಾಯವನ್ನು ಸೇರಿ ಸತ್ತ ಜೀವಕೋಶಗಳನ್ನೂ ರೋಗಾಣುಗಳನ್ನೂ ತೆರವುಗೊಳಿಸುತ್ತವೆ. ಮೊದಲ ವಾರದ ಊತ, ಬಿಸುಪು, ನೋವು ಈ ಹಂತದ ಲಕ್ಷಣಗಳು.

ಅಂಗಾಂಶ ವೃದ್ಧಿ: ಹೊಸ ರಕ್ತನಾಳಗಳು ಮೂಡಿ, ಕೊಲಾಜನ್ ಎಂಬ ನಾರಿನಂತಹ ಪ್ರೋಟೀನು ಗಾಯವನ್ನು ತುಂಬುತ್ತದೆ. ಈ ಹಂತ ಕೆಲವು ವಾರಗಳವರೆಗೆ ನಡೆಯುತ್ತದೆ. ಸ್ತನತೊಟ್ಟಿನ ಅಡಿಯಲ್ಲಿ ಕೈಗೆ ಸಿಗುವ ಗಡಸುತನ ಹೆಚ್ಚಾಗಿ ಈ ಕೊಲಾಜನ್ನಿನದೇ ಹೊರತು ಮರಳಿ ಬೆಳೆದ ಗ್ರಂಥಿಯದಲ್ಲ.

ಪುನಾರಚನೆ: ಅಸ್ತವ್ಯಸ್ತವಾಗಿ ನೇಯ್ದ ಕೊಲಾಜನ್ ಕ್ರಮಬದ್ಧವಾಗಿ ಮರುಜೋಡಣೆಗೊಂಡು, ಗಡಸು ಮೃದುವಾಗಿ ಕಲೆ ಮಸುಕಾಗುತ್ತದೆ. ಇದು ಒಂದು ವರ್ಷ ಅಥವಾ ಹೆಚ್ಚು ಕಾಲ ನಡೆಯುತ್ತದೆ. ಮಾಗಿದ ಗಾಯದ ಗಟ್ಟಿತನ ಮೂಲ ಚರ್ಮದ ಗಟ್ಟಿತನದ ಶೇಕಡಾ 80ರಷ್ಟನ್ನು ಮಾತ್ರ ಮುಟ್ಟುತ್ತದೆ, ಅದಕ್ಕೂ ಹಲವು ತಿಂಗಳು ಬೇಕು.

ಚೇತರಿಕೆಯ ಸಾಮಾನ್ಯ ಕಾಲಕ್ರಮ

ಮೊದಲ ಮೂರು ದಿನ: ಊತ ಏರುತ್ತಲೇ ಇರುತ್ತದೆ. ಶಸ್ತ್ರಚಿಕಿತ್ಸೆಯ ಮರುದಿನಕ್ಕಿಂತ ಮೂರನೆಯ ದಿನ ಎದೆ ಹೆಚ್ಚು ಉಬ್ಬಿದಂತೆ ಕಾಣುವುದುಂಟು. ದ್ರವ ಹೊರಹೋಗಲು ಡ್ರೈನ್ ಕೊಳವೆ ಇರಿಸಿದ್ದರೆ, 24 ಗಂಟೆಗಳಲ್ಲಿ ಬರುವ ದ್ರವ ಸುಮಾರು 30 ಮಿಲಿಲೀಟರಿಗಿಂತ ಕಡಿಮೆಯಾದ ಮೇಲೆ ಅದನ್ನು ತೆಗೆಯುವುದು ರೂಢಿ.

ಒಂದರಿಂದ ಎರಡನೆಯ ವಾರ: ನೋವು ತಗ್ಗುತ್ತದೆ. ಕಂದಿದ ಬಣ್ಣ ನೀಲಿಯಿಂದ ಹಸಿರು, ಹಳದಿಗೆ ತಿರುಗಿ ಮಾಯವಾಗುತ್ತದೆ. ಕುಳಿತು ಮಾಡುವ ಕೆಲಸಕ್ಕೆ ಅನೇಕರು ಒಂದು ವಾರದೊಳಗೆ ಮರಳುತ್ತಾರೆ.

ಮೂರರಿಂದ ಆರನೆಯ ವಾರ: ಊತದ ದೊಡ್ಡ ಭಾಗ ಇಳಿಯುತ್ತದೆ, ಆದರೆ ಒಳಗೆ ಗಂಟುಗಂಟಾದ ಗಡಸುತನ ಹೆಚ್ಚಾಗುತ್ತದೆ. ಹೊರಗಾಯ ಮಾಗಿರುವಾಗ ಒಳಗೆ ಗಂಟು ಸಿಗುವುದರಿಂದ ಆತಂಕ ಹೆಚ್ಚಾಗುವುದು ಈ ಅವಧಿಯಲ್ಲಿಯೇ.

ಎರಡರಿಂದ ಆರನೆಯ ತಿಂಗಳು: ಊತವು ಏರಿಳಿಯುತ್ತ ಕಡಿಮೆಯಾಗುತ್ತದೆ. ಬೆಳಿಗ್ಗೆ ಚಪ್ಪಟೆಯಾಗಿದ್ದ ಎದೆ ಸಂಜೆಗೆ, ಬಿಸಿಲಿನಲ್ಲಿ ಓಡಾಡಿದಾಗ ಅಥವಾ ಶ್ರಮದ ಕೆಲಸದ ನಂತರ ತುಸು ಉಬ್ಬಬಹುದು. ಎರಡೂ ಬದಿಗಳ ಊತ ಒಂದೇ ವೇಗದಲ್ಲಿ ಇಳಿಯಬೇಕೆಂಬ ನಿಯಮವಿಲ್ಲ.

ಆರನೆಯ ತಿಂಗಳಿಂದ ಒಂದು ವರ್ಷ: ಎದೆಯ ಆಕಾರ ಸ್ಥಿರಗೊಳ್ಳುತ್ತದೆ. ಸ್ತನತೊಟ್ಟಿನ ಮರಗಟ್ಟುವಿಕೆ ಬಹುತೇಕರಲ್ಲಿ ಕ್ರಮೇಣ ಕಡಿಮೆಯಾಗುತ್ತದೆ. ಸ್ಪರ್ಶಜ್ಞಾನ ಮರಳುವಾಗ ಚುಚ್ಚಿದಂತಹ, ಮಿಂಚು ಹರಿದಂತಹ ಅನುಭವವಾಗುವುದು ನರಗಳು ಚೇತರಿಸುತ್ತಿರುವುದರ ಲಕ್ಷಣ.

ಮಾಗುವಿಕೆ ನಿಧಾನವಾಗಲು ಕಾರಣಗಳು

ಧೂಮಪಾನ ಇವುಗಳಲ್ಲಿ ಪ್ರಮುಖವಾದುದು. ನಿಕೋಟಿನ್ ಸೂಕ್ಷ್ಮ ರಕ್ತನಾಳಗಳನ್ನು ಸಂಕುಚಿತಗೊಳಿಸಿ ಚರ್ಮಕ್ಕೆ ದೊರೆಯುವ ಆಮ್ಲಜನಕವನ್ನು ಕುಗ್ಗಿಸುತ್ತದೆ. ಗ್ರಂಥಿ ತೆಗೆದ ನಂತರ ಸ್ತನತೊಟ್ಟು ಸುತ್ತಲ ಚರ್ಮದ ರಕ್ತಸಂಚಾರವನ್ನೇ ನಂಬಿರುವುದರಿಂದ ಧೂಮಪಾನಿಗಳಲ್ಲಿ ಅದಕ್ಕೆ ಹಾನಿಯಾಗುವ ಸಂಭವ ಹೆಚ್ಚು. ಶಸ್ತ್ರಚಿಕಿತ್ಸೆಗೆ ಕನಿಷ್ಠ ನಾಲ್ಕು ವಾರ ಮೊದಲಿನಿಂದ ನಾಲ್ಕು ವಾರ ನಂತರದವರೆಗೆ ಬೀಡಿ, ಸಿಗರೇಟುಗಳನ್ನು ಬಿಡುವಂತೆ ವೈದ್ಯರು ಸೂಚಿಸುತ್ತಾರೆ. ಜಗಿಯುವ ತಂಬಾಕಿನಲ್ಲಿಯೂ ನಿಕೋಟಿನ್ ಇರುವುದರಿಂದ ಅದಕ್ಕೂ ಈ ಮಾತು ಅನ್ವಯಿಸುತ್ತದೆ. ಹತೋಟಿಯಲ್ಲಿಲ್ಲದ ಮಧುಮೇಹ, ರಕ್ತಹೀನತೆ, ಪ್ರೋಟೀನಿನ ಕೊರತೆ, ಸ್ಥೂಲಕಾಯ, ದೀರ್ಘಕಾಲದ ಸ್ಟೆರಾಯ್ಡ್ ಸೇವನೆ ಮತ್ತು ಬೇಗನೆ ಶ್ರಮದ ಕೆಲಸಕ್ಕಿಳಿಯುವುದು ಇತರ ಕಾರಣಗಳು.

ಆರೈಕೆ

ಬಿಗಿ ಬನಿಯನ್: ಕಂಪ್ರೆಷನ್ ವೆಸ್ಟ್ ಎಂದು ಕರೆಯಲಾಗುವ ಒತ್ತಡದ ಬನಿಯನ್ನನ್ನು ಸಾಮಾನ್ಯವಾಗಿ 4ರಿಂದ 6 ವಾರ ಧರಿಸಲು ಹೇಳುತ್ತಾರೆ. ಇದು ಚರ್ಮವನ್ನು ಒಳಪದರಕ್ಕೆ ಒತ್ತಿಹಿಡಿದು ಖಾಲಿ ಜಾಗದಲ್ಲಿ ದ್ರವ ತುಂಬದಂತೆ ತಡೆಯುತ್ತದೆ. ಬನಿಯನ್ ಬಿಗಿಯಾಗಿರಬೇಕು, ಆದರೆ ಉಸಿರಾಟಕ್ಕೆ ಅಡ್ಡಿಯಾಗಬಾರದು. ಅತಿಯಾಗಿ ಬಿಗಿದರೆ ಅಥವಾ ಮಡಿಕೆ ಬಿದ್ದರೆ ಚರ್ಮದ ರಕ್ತಸಂಚಾರಕ್ಕೆ ತೊಂದರೆಯಾಗುತ್ತದೆ. ಸೆಕೆಯ ಊರುಗಳಲ್ಲಿ ಬೆವರಿನಿಂದ ಬೆವರುಸಾಲೆ, ತುರಿಕೆ ಉಂಟಾಗುವುದರಿಂದ ಎರಡು ಬನಿಯನ್‌ಗಳನ್ನಿಟ್ಟುಕೊಂಡು ದಿನವೂ ಒಗೆದು ಬದಲಾಯಿಸುವುದು ಅನುಕೂಲ.

ಮಲಗುವ ಭಂಗಿ: ಮೊದಲ ಒಂದೆರಡು ವಾರ ದಿಂಬುಗಳ ಆಸರೆಯಿಂದ ತಲೆ ಮತ್ತು ಎದೆಯನ್ನು ಎತ್ತರಿಸಿ ಅಂಗಾತ ಮಲಗುವುದರಿಂದ ಊತ ಇಳಿಯಲು ಸಹಾಯವಾಗುತ್ತದೆ. ಬೋರಲು ಮಲಗುವುದು ಈ ಅವಧಿಯಲ್ಲಿ ಸಲ್ಲದು.

ಸ್ನಾನ ಮತ್ತು ಗಾಯದ ಶುಚಿ: ಸ್ನಾನ ಯಾವಾಗ ಮಾಡಬಹುದೆಂಬುದು ಪಟ್ಟಿಯ ಬಗೆಯನ್ನು ಅವಲಂಬಿಸಿರುತ್ತದೆ. ಗಾಯ ಪೂರ್ತಿ ಕೂಡುವವರೆಗೆ ಕೆರೆ, ಬಾವಿ, ಈಜುಕೊಳಗಳಲ್ಲಿ ಇಳಿಯಬಾರದು. ಅರಿಸಿನ, ಸುಣ್ಣ, ಬೇವಿನ ಎಣ್ಣೆ ಮೊದಲಾದವನ್ನು ತೆರೆದ ಹೊಲಿಗೆಯ ಮೇಲೆ ಹಚ್ಚುವುದರಿಂದ ಸೋಂಕು ತಗಲಬಹುದು. ಚರ್ಮ ಮರಗಟ್ಟಿರುವಾಗ ಮಂಜುಗಡ್ಡೆ ಅಥವಾ ಬಿಸಿ ಶಾಖ ಕೊಟ್ಟರೆ ಅರಿವಿಗೆ ಬಾರದೆ ಚರ್ಮ ಸುಡುವ ಅಪಾಯವಿದೆ.

ಆಹಾರ: ಕೊಲಾಜನ್ ತಯಾರಿಗೆ ಪ್ರೋಟೀನು, ವಿಟಮಿನ್ ಸಿ ಮತ್ತು ಸತು ಅವಶ್ಯಕ. ಕರ್ನಾಟಕದ ಅನೇಕ ಮನೆಗಳಲ್ಲಿ ಗಾಯವಾದವರಿಗೆ ಬದನೆಕಾಯಿಯನ್ನೂ, ಕೆಲವೆಡೆ ಮೊಟ್ಟೆ, ಮೀನುಗಳನ್ನೂ 'ನಂಜು' ಎಂದು ವರ್ಜಿಸಿ ಗಂಜಿ, ತಿಳಿಸಾರಿನ ಪಥ್ಯವನ್ನು ಮಾತ್ರ ಕೊಡುವ ವಾಡಿಕೆಯಿದೆ. ಬದನೆಯನ್ನು ಬಿಟ್ಟರೆ ನಷ್ಟವೇನೂ ಇಲ್ಲ. ಆದರೆ ಮೊಟ್ಟೆ, ಮೀನು, ಬೇಳೆಗಳನ್ನು ಬಿಟ್ಟರೆ ಗಾಯಕ್ಕೆ ಬೇಕಾದ ಪ್ರೋಟೀನು ದೊರೆಯದು. ಸಸ್ಯಾಹಾರಿಗಳಿಗೆ ಬೇಳೆ, ಹೆಸರುಕಾಳು, ಹುರುಳಿ, ಕಡಲೆ, ಹಾಲು, ಮೊಸರು ಒಳ್ಳೆಯ ಆಕರಗಳು. ನೆಲ್ಲಿಕಾಯಿ, ಸೀಬೆ, ಕಿತ್ತಳೆಗಳಲ್ಲಿ ವಿಟಮಿನ್ ಸಿ ಧಾರಾಳವಾಗಿದೆ. ಉಪ್ಪು ಹೆಚ್ಚಾದರೆ ದೇಹದಲ್ಲಿ ನೀರು ನಿಲ್ಲುವುದರಿಂದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಮಿತಗೊಳಿಸುವುದು ಹಿತ.

ಚಲನವಲನ: ಮೊದಲ ದಿನದಿಂದಲೇ ಮೆಲ್ಲನೆ ನಡೆದಾಡಬೇಕು. ಇದರಿಂದ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಕಡಿಮೆಯಾಗುತ್ತದೆ. ಭಾರ ಎತ್ತುವುದು, ಬಾವಿಯಿಂದ ನೀರು ಸೇದುವುದು, ದಂಡೆ ಹೊಡೆಯುವುದು, ಜಿಮ್ಮಿನ ಎದೆಯ ವ್ಯಾಯಾಮ ಇವನ್ನು 4ರಿಂದ 6 ವಾರ ಮುಂದೂಡಬೇಕು. ದ್ವಿಚಕ್ರ ವಾಹನದ ಸವಾರಿಯಲ್ಲಿ ರಸ್ತೆಯ ಉಬ್ಬುತಗ್ಗುಗಳ ಕುಲುಕು ನೇರವಾಗಿ ತೋಳು, ಎದೆಗಳಿಗೆ ತಗಲುತ್ತದೆಯಾದ್ದರಿಂದ ವೈದ್ಯರ ಒಪ್ಪಿಗೆ ಪಡೆದು ಆರಂಭಿಸುವುದು ಸೂಕ್ತ.

ಕಲೆಯ ಆರೈಕೆ: ಹೊಲಿಗೆ ಪೂರ್ತಿ ಮಾಗಿದ ಮೇಲೆ ವೈದ್ಯರ ಸಲಹೆಯಂತೆ ಮೃದುವಾದ ಮರ್ದನ, ಸಿಲಿಕೋನ್ ಜೆಲ್ ಅಥವಾ ಹಾಳೆಗಳನ್ನು ಬಳಸಲಾಗುತ್ತದೆ. ಹೊಸ ಕಲೆಗೆ ಬಿಸಿಲು ಬಿದ್ದರೆ ಅದು ಕಪ್ಪಾಗಿ ಉಳಿಯುತ್ತದೆ.

ತೊಡಕುಗಳು

ರಕ್ತಗಡ್ಡೆ: ಚರ್ಮದಡಿಯಲ್ಲಿ ರಕ್ತ ಶೇಖರವಾಗುವ ಈ ತೊಡಕನ್ನು ಹೆಮಟೋಮ ಎನ್ನುತ್ತಾರೆ. ಇದು ಹೆಚ್ಚಾಗಿ ಮೊದಲ ಒಂದೆರಡು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ದೊಡ್ಡದಾಗಿದ್ದರೆ ಮತ್ತೆ ಗಾಯವನ್ನು ತೆರೆದು ರಕ್ತವನ್ನು ಹೊರತೆಗೆಯಬೇಕಾಗುತ್ತದೆ.

ಸೆರೋಮ: ತಿಳಿಹಳದಿ ದ್ರವ ಒಂದೆಡೆ ನಿಂತು, ಒತ್ತಿದಾಗ ನೀರು ತುಂಬಿದ ಚೀಲದಂತೆ ತುಳುಕುತ್ತದೆ. ಚಿಕ್ಕದಾದರೆ ತಾನಾಗಿ ಹೀರಲ್ಪಡುತ್ತದೆ, ದೊಡ್ಡದನ್ನು ವೈದ್ಯರು ಸೂಜಿಯಿಂದ ತೆಗೆಯುತ್ತಾರೆ. ಮನೆಯಲ್ಲಿ ಚುಚ್ಚುವ ಪ್ರಯತ್ನ ಅಪಾಯಕಾರಿ.

ಇತರ ತೊಡಕುಗಳು: ಸೋಂಕು, ಸ್ತನತೊಟ್ಟಿನ ಚರ್ಮದ ಹಾನಿ, ಗ್ರಂಥಿಯನ್ನು ಅತಿಯಾಗಿ ತೆಗೆದುದರಿಂದ ಉಂಟಾಗುವ ತಗ್ಗು, ಉಳಿದ ಗ್ರಂಥಿಯ ಉಬ್ಬು, ಎರಡು ಬದಿಗಳ ಅಸಮತೆ, ಉಬ್ಬಿದ ಕಲೆ. ಎದೆಯ ಮಧ್ಯಭಾಗ ಕೆಲಾಯ್ಡ್ ಎಂಬ ಬೆಳೆಯುವ ಕಲೆಗೆ ಸುಲಭವಾಗಿ ಗುರಿಯಾಗುವ ಜಾಗಗಳಲ್ಲೊಂದು. ಹಿಂದೆ ಅಂತಹ ಕಲೆಯಾಗಿದ್ದರೆ ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರಿಗೆ ತಿಳಿಸಬೇಕು.

ತಡಮಾಡಬಾರದ ಲಕ್ಷಣಗಳು

ಸಹಜವಾದ ಊತವು ಎರಡೂ ಬದಿಗಳಲ್ಲಿ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ, ಅದರೊಡನೆ ನೋವೂ ದಿನದಿಂದ ದಿನಕ್ಕೆ ತಗ್ಗುತ್ತದೆ. ಇದಕ್ಕೆ ವಿರುದ್ಧವಾದ ಕೆಳಗಿನ ಲಕ್ಷಣಗಳು ಕಂಡರೆ ಮುಂದಿನ ಭೇಟಿಯ ದಿನಕ್ಕಾಗಿ ಕಾಯದೆ ಆಸ್ಪತ್ರೆಗೆ ಹೋಗಬೇಕು.

- ಒಂದೇ ಬದಿ ಕೆಲವು ಗಂಟೆಗಳಲ್ಲಿ ಬಿಗಿದು ಉಬ್ಬುವುದು, ನೋವು ಹಠಾತ್ತನೆ ಹೆಚ್ಚುವುದು
- ಡ್ರೈನ್ ಕೊಳವೆಯಲ್ಲಿ ಅಥವಾ ಪಟ್ಟಿಯಲ್ಲಿ ಹೊಸ ಕೆಂಪು ರಕ್ತ ಧಾರಾಳವಾಗಿ ಬರುವುದು
- 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಚಳಿ ನಡುಕ
- ಗಾಯದ ಸುತ್ತ ಹರಡುತ್ತಿರುವ ಕೆಂಪು, ಕೀವು, ದುರ್ವಾಸನೆ
- ಸ್ತನತೊಟ್ಟು ಕಪ್ಪಾಗುವುದು ಅಥವಾ ಬಿಳಿಚಿಕೊಂಡು ತಣ್ಣಗಾಗುವುದು
- ಒಂದು ಕಾಲಿನ ಮೀನಖಂಡದಲ್ಲಿ ನೋವು ಮತ್ತು ಊತ

ಉಸಿರಾಟದ ತೊಂದರೆ ಅಥವಾ ಎದೆಯೊಳಗೆ ತೀವ್ರ ನೋವು ಕಾಣಿಸಿಕೊಂಡರೆ ತುರ್ತು ಚಿಕಿತ್ಸೆ ಅಗತ್ಯ. ಕರ್ನಾಟಕದಲ್ಲಿ 108 ಸಂಖ್ಯೆಗೆ ಕರೆಮಾಡಿ ಆಂಬುಲೆನ್ಸ್ ಪಡೆಯಬಹುದು.

ಮಾನಸಿಕ ಅಂಶಗಳು

ಗೈನೆಕೊಮಾಸ್ಟಿಯ ಇರುವ ಅನೇಕರು ಶಾಲೆಯ ದಿನಗಳಿಂದಲೇ ಗೇಲಿಗೆ ಗುರಿಯಾಗಿರುತ್ತಾರೆ. ಅಂಗಿ ಕಳಚಬೇಕಾದ ಆಟ, ಈಜು, ದೇವಸ್ಥಾನದ ಪೂಜೆಗಳಿಂದ ದೂರ ಉಳಿದಿರುತ್ತಾರೆ. ಇಂತಹವರು ಶಸ್ತ್ರಚಿಕಿತ್ಸೆಯನ್ನು ಮನೆಯವರಿಗೂ ತಿಳಿಸದೆ ಮಾಡಿಸಿಕೊಳ್ಳುವುದುಂಟು. ಗುಟ್ಟಿನಲ್ಲಿ ನಡೆದ ಚಿಕಿತ್ಸೆಯ ನಂತರ ಜ್ವರ ಬಂದರೆ ಹೇಳಿಕೊಳ್ಳಲು, ಪಟ್ಟಿ ಬದಲಾಯಿಸಲು, ಆಸ್ಪತ್ರೆಗೆ ಕರೆದೊಯ್ಯಲು ಯಾರೂ ಇರುವುದಿಲ್ಲ. ಆದುದರಿಂದ ಮನೆಯ ಒಬ್ಬರಿಗಾದರೂ, ಇಲ್ಲವೇ ನಂಬಿಕೆಯ ಗೆಳೆಯನಿಗಾದರೂ ವಿಷಯ ತಿಳಿದಿರುವುದು ಸುರಕ್ಷತೆಯ ದೃಷ್ಟಿಯಿಂದಲೇ ಅಗತ್ಯ.

ಬಹುಕಾಲ ಕಾದು ಪಡೆದ ಚಿಕಿತ್ಸೆಯ ಬಳಿಕವೂ ಎದೆ ಉಬ್ಬಿಯೇ ಇರುವುದನ್ನು ಕಂಡು ಮೊದಲ ವಾರಗಳಲ್ಲಿ ಮನಸ್ಸು ಕುಗ್ಗುವುದು ಸಾಮಾನ್ಯ. ದಿನಕ್ಕೆ ಹತ್ತು ಬಾರಿ ಕನ್ನಡಿ ನೋಡುವುದರಿಂದ ಬದಲಾವಣೆ ತಿಳಿಯುವುದಿಲ್ಲ. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಛಾಯಾಚಿತ್ರ ತೆಗೆದು ಹೋಲಿಸಿದರೆ ಊತ ಇಳಿದುದು ಸ್ಪಷ್ಟವಾಗಿ ಕಾಣುತ್ತದೆ. ನಿದ್ರೆ ಮತ್ತು ಊಟ ಕೆಡುವಷ್ಟು ಕೊರಗು ಕಾಡಿದರೆ ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯಲ್ಲಿ, 14416 ಸಂಖ್ಯೆಯಲ್ಲಿ, ಕನ್ನಡದಲ್ಲಿಯೇ ಉಚಿತ ಸಲಹೆ ಪಡೆಯಬಹುದು.

ಮರುಶಸ್ತ್ರಚಿಕಿತ್ಸೆ

ಉಳಿದ ಗ್ರಂಥಿ, ತಗ್ಗು ಅಥವಾ ಸಡಿಲ ಚರ್ಮವನ್ನು ಸರಿಪಡಿಸಲು ಕೆಲವರಿಗೆ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ರಕ್ತಗಡ್ಡೆಯಂತಹ ತುರ್ತು ಸಂದರ್ಭಗಳನ್ನು ಬಿಟ್ಟರೆ, ಕನಿಷ್ಠ ಆರು ತಿಂಗಳು ಕಳೆದು ಊತ ಪೂರ್ತಿ ಇಳಿಯುವ ಮೊದಲು ಇದನ್ನು ನಿರ್ಧರಿಸುವುದಿಲ್ಲ. ಬೇಗನೆ ಮಾಡಿದರೆ ಇಳಿದುಹೋಗಲಿದ್ದ ಊತವನ್ನೇ ಗ್ರಂಥಿಯೆಂದು ಎಣಿಸಿ ಹೆಚ್ಚು ತೆಗೆದು, ಎದೆಯಲ್ಲಿ ಶಾಶ್ವತವಾದ ತಗ್ಗು ಉಳಿಯಬಹುದು. ಗಟ್ಟಿಯಾದ ಗಂಟು ಗ್ರಂಥಿಯೋ ಕಲೆಯ ಅಂಗಾಂಶವೋ ಎಂಬ ಸಂದೇಹಕ್ಕೆ ಅಲ್ಟ್ರಾಸೌಂಡ್ ಪರೀಕ್ಷೆ ನೆರವಾಗುತ್ತದೆ. ಒಮ್ಮೆ ತೆಗೆದ ಗ್ರಂಥಿ ಮರಳಿ ಬೆಳೆಯುವುದು ವಿರಳ. ಆದರೆ ಮೂಲ ಕಾರಣವಾದ ಸ್ಟೆರಾಯ್ಡ್ ಅಥವಾ ಔಷಧಿಯ ಸೇವನೆ ಮುಂದುವರಿದರೆ ಉಳಿದ ಅಲ್ಪ ಗ್ರಂಥಿಯೂ ಬೆಳೆಯಬಲ್ಲದು.